ಮೌನದ ಮನೆಯ ಮೂಲೆಗಲ್ಲು

ನಮ್ಮೂರಿನಲ್ಲಿ ಜಗಳವಾಡಬೇಕೆಂದರೆ ಬೀದಿಗೆ ಬರಲೇಬೇಕು. ಇನ್ನೊಬ್ಬರ ನೆಲದ ಮೇಲೆ ಕಾಲಿಟ್ಟರೆ ದನಿ ಹೊರಡುವುದಿಲ್ಲ. ತುಟಿ ಆಡುತ್ತದೆ, ಅಷ್ಟೆ. ಅವರವರ ಮನೆ, ಹಿತ್ತಲು, ಹೊಲಗಳಲ್ಲಿ ಅವರವರ ಮಾತು. ಬೀದಿ, ಬಾವಿಕಟ್ಟೆ, ಸಂತೆ ಮೈದಾನ ಎಲ್ಲರದೂ ಆದ್ದರಿಂದ ಅಲ್ಲಿ ಎಲ್ಲರಿಗೂ ಮಾತು. ವರ್ಗವಾಗಿ ಬಂದ ಮೇಷ್ಟರುಗಳು ಮೊದಲ ವಾರ ಗಂಟಲು ಹಿಡಿದುಕೊಂಡು ಡಾಕ್ಟರ ಹತ್ತಿರ ಓಡುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ಡಾಕ್ಟರು ತಾನೇ ಏನು ಮಾಡಿಯಾರು? ರೋಗಿಯ ಮನೆಗೆ ಬಂದು, ನಾಡಿ ಹಿಡಿದು, ನಾಲಿಗೆ ನೋಡಿ, ಮತ್ತೆ ಬೀದಿಗೆ ಇಳಿದು ನಿಂತು ಕಾಯಿಲೆಯ ಹೆಸರನ್ನು ಕೂಗಿ ಹೇಳುತ್ತಾರೆ. ಹಾಗಾಗಿ ಯಾರಿಗೆ ಸಕ್ಕರೆ, ಯಾರಿಗೆ ಮೂಲವ್ಯಾಧಿ ಎಂಬುದು ಓಣಿಗೆಲ್ಲ ಗೊತ್ತು. ಕ್ಷೌರದಂಗಡಿಯಲ್ಲಿ ಕ್ಷೌರಿಕನೊಬ್ಬನೇ ಮಾತಾಡುತ್ತಾನೆ; ಅದು ಎಲ್ಲ ಊರುಗಳಲ್ಲೂ ಹಾಗೇ ಎಂದು ಕೇಳಿದ್ದೇನೆ.

ಹೊಸ ಸೊಸೆ ಮನೆಗೆ ಬಂದ ಮರುದಿನ ಬೆಳಗ್ಗೆ ಓಣಿಯ ಹೆಂಗಸರು ಬಾಗಿಲ ಮುಂದೆ ಸೇರುತ್ತಾರೆ. ಅವಳು ಪಡಸಾಲೆಯ ನಡುವೆ ನಿಂತು ಗಂಡನ ಹೆಸರು ಹೇಳಬೇಕು. ದನಿ ಹೊರಟರೆ ಅವಳು ಆ ಮನೆಯವಳಾದಳು ಎಂದರ್ಥ, ಸಕ್ಕರೆ ಹಂಚುತ್ತಾರೆ. ನನ್ನ ಹೆಂಡತಿ ನೀಲಾಂಬಿಕೆ ಬಂದ ಮರುದಿನ ಎಷ್ಟು ಗಟ್ಟಿಯಾಗಿ ‘ಗುರುಪಾದಪ್ಪ’ ಎಂದಳೆಂದರೆ ಹೆಂಗಸರೆಲ್ಲ ಹೋ ಎಂದು ನಕ್ಕರು. ಪಡಸಾಲೆಯಲ್ಲಿ ದನಿ ಬಂತಲ್ಲ, ಮುಗಿಯಿತು. ಅಡುಗೆಮನೆಯಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಎಂದರೆ ನಮ್ಮದು ಮೌನದ ಮನೆ. ಅಡುಗೆಮನೆಯಲ್ಲಿ ನಾವು ಮಾತಾಡುವುದಿಲ್ಲ. ಅನ್ನ ಬೇಯುವ ಜಾಗದಲ್ಲಿ ಉಸಿರು ಹರಿಯಬಾರದು, ಎಂಜಲು ಮಾತು ಬೀಳಬಾರದು ಎಂಬುದು ನಮ್ಮ ಅಪ್ಪ ಸಂಗನಬಸಪ್ಪನವರು ಇಟ್ಟ ನೇಮ. ಮಕ್ಕಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ದೊಡ್ಡವರಾದ ಮೇಲೆ ನಾವು ಗಂಡಸರು ನೀರು ಕುಡಿಯಲು ಒಳಗೆ ಹೋದರೂ ತುಟಿ ಬಿಗಿದುಕೊಂಡೇ ಹೋಗಿ ಬರುತ್ತಿದ್ದೆವು. ಈ ನೇಮದಿಂದ ನಮ್ಮ ಮನೆಗೆ ಊರಿನಲ್ಲಿ ದೊಡ್ಡ ಹೆಸರು. ಹಾದುಹೋಗುವ ಮುದುಕಿಯರು ನಮ್ಮ ಹೊಸ್ತಿಲ ಕಡೆಗೆ ಕೈ ಮುಗಿಯುತ್ತಿದ್ದರು. ಅಪ್ಪ ದಿನಾ ಸಂಜೆ ಬೀದಿಯ ಕಟ್ಟೆಯ ಮೇಲೆ ಕೂತು ಮೌನದ ಮಹಿಮೆ ಕುರಿತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ನನಗಂತೂ ಎದೆ ಉಬ್ಬುತ್ತಿತ್ತು.

ಅಪ್ಪ ಊರಿನ ಸರ್ವೇಯರ್ ಆಗಿದ್ದವರು. ಅವರ ಕೈ ನಡುಗಲು ಶುರುವಾದ ಮೇಲೆ ಸರಪಳಿ, ಗೂಟ, ಸುತ್ತಿಗೆ ನನ್ನ ಹೆಗಲಿಗೆ ಬಂದವು. ನಮ್ಮ ಕೆಲಸದಲ್ಲಿ ಅಳೆಯುವುದು ಕಡಿಮೆ, ಹುಡುಕುವುದು ಹೆಚ್ಚು. ಜಾಗದ ಮೂಲೆಗಳಲ್ಲಿ ನೆಟ್ಟ ಕಲ್ಲುಗಳು ನಿಂತ ಕಡೆ ನಿಲ್ಲುವುದಿಲ್ಲ. ಚರಂಡಿ ತೋಡುವವರು ಕಿತ್ತು ಎಸೆಯುತ್ತಾರೆ, ಎಮ್ಮೆ ಕಟ್ಟುವವರು ಹೊತ್ತುಕೊಂಡು ಹೋಗುತ್ತಾರೆ, ಮಳೆಗೆ ಹೂತುಹೋಗುತ್ತವೆ. ಹೀಗೆ ಕಳೆದುಹೋದ ಮೂಲೆಯನ್ನು ಮತ್ತೆ ಕಂಡುಹಿಡಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಕಲ್ಲು ಇದ್ದಿರಬಹುದಾದ ಕಡೆ ಅಗೆದು ನೋಡಬೇಕು. ಕಲ್ಲು ಹೋಗಿದ್ದರೂ ಅದರ ಕೆಳಗೆ ಹಿರಿಯರು ಹಾಕಿದ ಇದ್ದಿಲು, ಮಡಕೆಯ ಚೂರು ಉಳಿದಿರುತ್ತವೆ. ಇದ್ದಿಲು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅದೂ ಸಿಗದಿದ್ದರೆ ಉಳಿದ ಮೂಲೆಗಲ್ಲುಗಳಿಂದ ಟೇಪು ಹಿಡಿದು ಬರಬೇಕು. ಕೊನೆಗೆ ದನಿ. ಜಾಗದವರು ತಮ್ಮ ಮನೆಯವರ ಹೆಸರುಗಳನ್ನು, ಇದ್ದವರದೂ ತೀರಿಕೊಂಡವರದೂ, ಗಟ್ಟಿಯಾಗಿ ಹೇಳುತ್ತ ಗಡಿಯ ಕಡೆಗೆ ನಡೆದು ಬರುತ್ತಾರೆ. ಎಲ್ಲಿ ದನಿ ಕಡಿಯುತ್ತದೋ ಅಲ್ಲಿ ನಾನು ಗೂಟ ಹೊಡೆಯುತ್ತೇನೆ. ಪಕ್ಕದವರು ಆ ಕಡೆಯಿಂದ ಬರುತ್ತಾರೆ, ಅವರದೂ ಅಲ್ಲೇ ಕಡಿಯುತ್ತದೆ. ದನಿ ಕಡಿಯುವ ಕ್ಷಣವನ್ನು ನನ್ನಷ್ಟು ನಿಖರವಾಗಿ ಹಿಡಿಯುವ ಕಿವಿ ಸುತ್ತಮುತ್ತ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಪಕ್ಕದ ಜಾಗ ಇಮಾಂಬಿಯದು. ಆಕೆ ಹತ್ತಿ ಹಿಂಜಿ ಗಾದಿ ಹೊಲಿಯುವವಳು. ಗಂಡ ಹಜರೇಸಾಬ ತೀರಿಕೊಂಡ ಮೇಲೆ ಬಿಲ್ಲನ್ನು ತಾನೇ ಕೈಗೆ ತೆಗೆದುಕೊಂಡಳು. ಹಿಂಜುವ ಬಿಲ್ಲಿನ ಟುಂಯ್ ಟುಂಯ್ ಸದ್ದು ಬೆಳಗಿನಿಂದ ನಮ್ಮ ಗೋಡೆಗೆ ಬಡಿಯುತ್ತಿತ್ತು. ನಮ್ಮ ಮನೆಯ ಗಾದಿಗಳನ್ನೆಲ್ಲ ಹೊಲಿದವಳು ಅವಳೇ, ಆದರೆ ಹೊಸ್ತಿಲು ದಾಟಿ ಒಳಗೆ ಬಂದವಳಲ್ಲ. ಗಾದಿಯನ್ನು ಬೀದಿಯಲ್ಲಿ ಕೊಟ್ಟು ಹೋಗುತ್ತಿದ್ದಳು. ನೀರು ಕೇಳಿದರೆ ನಾವು ಬೀದಿಗೇ ತಂದು ಎತ್ತಿ ಸುರಿಯುತ್ತಿದ್ದೆವು. ಮೌನದ ಮನೆಯಲ್ಲವೇ, ಮಡಿ ಹೆಚ್ಚು.

ಈ ಸಲ ಮಳೆಗೆ ಮುಂಚೆ ಅವಳು ನನ್ನನ್ನು ಬೀದಿಯಲ್ಲಿ ನಿಲ್ಲಿಸಿದಳು. “ಸರ್ವೇರ್ ಸಾಹೇಬ್ರ, ಹ್ವಾದ ವರ್ಷ ಹತ್ತಿ ಎಲ್ಲಾ ತೊಯ್ದು ಮುದ್ದಿ ಆತ್ರಿ. ಹಿಂದಿನ ಮೂಲ್ಯಾಗ ಒಂದು ತಗಡಿನ ಖೋಲಿ ಹಾಕಬೇಕಂತೀನಿ. ಜಾಗ ಸಣ್ಣದೈತಿ, ಎಲ್ಲೀತನ ಐತಿ ಅಂತ ಕಲ್ಲು ತೋರಿಸಿಕೊಡ್ರಿ.”

“ಆ ಮೂಲಿಗಲ್ಲು ನಾನು ಹುಟ್ಟೋಕಿಂತ ಮೊದ್ಲ ಹೋಗೇತಿ ಇಮಾಂಬಿ,” ಎಂದೆ.

“ಹೌದ್ರಿ. ನಮ್ಮ ಮಾವ ಕೇಳಿದ್ರಂತ ನಿಮ್ಮ ಅಪ್ಪಾರ್ನ. ಕಲ್ಲು ಸಿಕ್ಕಾಗ ನೋಡೋಣು ಅಂದಿದ್ರಂತ. ಈಗ ಹುಡಕೋರು ನೀವs ಅದೀರಲ್ಲ?”

“ಹುಡುಕಿಬಿಡೋಣ ಬಿಡು,” ಎಂದೆ. ನನ್ನ ಮನೆಗೇ ಅಂಟಿದ ಮೂಲೆ ಎಂದು ಒಂದು ಗಳಿಗೆಯೂ ಅಳುಕಲಿಲ್ಲ. ಊರವರ ಮೂಲೆಗಳನ್ನೆಲ್ಲ ಹುಡುಕಿಕೊಟ್ಟವನಿಗೆ ಪಕ್ಕದ ಗೋಡೆಯದು ಯಾವ ಲೆಕ್ಕ?

ಮನೆಗೆ ಬಂದು ಹೇಳಿದಾಗ ಅಪ್ಪ ಊಟ ಮಾಡುತ್ತಿದ್ದರು. ತುತ್ತು ತಟ್ಟೆಯಲ್ಲೇ ಉಳಿಯಿತು. “ಮಳಿ ಹೋಗ್ಲಿ, ಆಮ್ಯಾಲೆ ನೋಡೀಯಂತ,” ಎಂದರು. ನಾನು ಮಳೆಗೆ ಮುಂಚೆಯೇ ಆಗಬೇಕಂತೆ ಎಂದೆ. ಅವರು ಕೈ ತೊಳೆದುಕೊಂಡು ಎದ್ದರು. ನೀಲಾ ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಏನು ಎಂದು ಕೇಳಿದೆ. ಏನಿಲ್ಲ ಎಂದಳು.

ಗೊತ್ತುಮಾಡಿದ ದಿನ ಓಣಿಯ ಜನ ಸೇರಿದರು. ಮೂಲೆ ಹುಡುಕುವುದು ನಮ್ಮೂರಿನಲ್ಲಿ ನೋಡುವಂಥ ಕೆಲಸ, ಹೆಂಗಸರು ಬುಟ್ಟಿ ಇಳಿಸಿ ನಿಲ್ಲುತ್ತಾರೆ. ಜಾಗದ ಆಕಾರ ಸರಳವಾಗಿತ್ತು. ಬೀದಿಗೆ ಮುಖಮಾಡಿ ನಮ್ಮ ಮನೆ, ಅದರ ಮಗ್ಗುಲಿಗೆ ಇಮಾಂಬಿಯ ಜಾಗ, ಎರಡಕ್ಕೂ ಹಿಂದೆ ಗಾಣದ ಮಲಕಾಜಪ್ಪನ ಉದ್ದ ಗೋಡೆ. ಬೀದಿಯ ಕಡೆಯ ಕಲ್ಲುಗಳು ನಿಂತಿದ್ದವು. ಇಮಾಂಬಿಯ ಆಚೆ ಮಗ್ಗುಲಿನ ಹಿಂದಿನ ಕಲ್ಲೂ ಇತ್ತು. ಇಲ್ಲದಿದ್ದದ್ದು ನಮಗೂ ಅವಳಿಗೂ ಮಲಕಾಜಪ್ಪನಿಗೂ ಸೇರಿದ ಹಿಂದಿನ ಮೂಲೆಯ ಕಲ್ಲೊಂದೇ. ನಮ್ಮ ಅಡುಗೆಮನೆ ಮನೆಯ ಹಿಂಭಾಗದಲ್ಲಿ ಅವಳ ಕಡೆಗೆ ಚಾಚಿಕೊಂಡಿದೆ. ಅದರ ಹೊರಗೋಡೆಯೇ ಗಡಿ ಎಂದು ಎಲ್ಲರೂ ತಿಳಿದಿದ್ದೆವು.

ಹೊರಗೋಡೆಯ ಬುಡದಲ್ಲಿ ಅಗೆದೆ. ಸೊಂಟದಾಳ ಹೋದರೂ ಕಲ್ಲಿಲ್ಲ. ಇದ್ದಿಲಿನ ಒಂದು ಕಣವಿಲ್ಲ, ಮಡಕೆಯ ಚೂರಿಲ್ಲ. ಯಾರೂ ಎಂದೂ ಮುಟ್ಟದ ಹಸಿ ಕೆಂಪು ಮಣ್ಣು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಟೇಪು ತೆಗೆದುಕೊಂಡೆ. ಆ ಓಣಿಯ ಜಾಗಗಳೆಲ್ಲ ಚೌಕಟ್ಟಿನವು, ಮುಂದೆ ಎಷ್ಟು ಅಗಲವೋ ಹಿಂದೆಯೂ ಅಷ್ಟೇ. ಇಮಾಂಬಿಯ ಬೀದಿಯ ಕಡೆಯ ಅಗಲವನ್ನು ಅಳೆದು, ಹಿಂದಿನ ಅವಳ ಕಲ್ಲಿನಿಂದ ಮಲಕಾಜಪ್ಪನ ಗೋಡೆಗುಂಟ ಟೇಪು ಎಳೆದುಕೊಂಡು ಬಂದೆ. ನಮ್ಮ ಅಡುಗೆಮನೆಯ ಹೊರಗೋಡೆ ಅಡ್ಡ ಬಂತು. ಅಗಲ ಇನ್ನೂ ಉಳಿದಿತ್ತು. ಎಷ್ಟು ಎಂದು ನೋಡಿದೆ. ಸರಿಯಾಗಿ ಒಂದು ಅಡುಗೆಮನೆಯಷ್ಟು.

ಗೋಡೆಗೆ ಮುಖಮಾಡಿ ನಿಂತುಬಿಟ್ಟೆ. ಬೀದಿಯಲ್ಲಿ ಜನ ಮಾತಾಡುತ್ತಿದ್ದುದು ಕೇಳುತ್ತಿತ್ತು. ಅವ್ವ ನೆನಪಾದಳು. ಅವಳು ಸಾಯುವ ತನಕ ಆ ಒಲೆಯ ಮುಂದೆ ಒಂದು ಶಬ್ದ ಆಡದೆ ಹೊಗೆ ಕುಡಿದವಳು. ಎಂಥ ವ್ರತ, ಎಂಥ ತಾಯಿ ಎಂದು ನಾನೇ ಅವಳ ತಿಥಿಯ ದಿನ ಬೀದಿಯಲ್ಲಿ ನಿಂತು ಹೊಗಳಿದ್ದೆ. ಕಿವಿ ಬಿಸಿಯಾಯಿತು. ಊರವರ ದನಿ ಎಲ್ಲಿ ಕಡಿಯುತ್ತದೆ ಎಂದು ಹಿಡಿಯುವ ನನ್ನ ಕಿವಿ, ದಿನಕ್ಕೆ ಹತ್ತು ಸಲ ಓಡಾಡುವ ಬಾಗಿಲಲ್ಲಿ ಇಷ್ಟು ವರ್ಷ ಏನು ಮಾಡುತ್ತಿತ್ತು? ನಾನು ಅಲ್ಲಿ ಬಾಯಿ ತೆರೆದು ನೋಡಿಯೇ ಇರಲಿಲ್ಲ. ತೆರೆಯಬಾರದು ಎಂದು ಕಲಿಸಿದ್ದರು, ಕಲಿತಿದ್ದೆ.

“ಎಷ್ಟು ಬಂತ್ರಿ?” ಎಂದು ಇಮಾಂಬಿ ಕೇಳಿದಳು. ಅವಳ ನೆಲದ ಮೇಲೆ ನಿಂತಿದ್ದೆನಾದ್ದರಿಂದ ನಾನು ಉತ್ತರ ಕೊಡುವಂತಿರಲಿಲ್ಲ. ಅದೇ ಒಂದು ಪುಣ್ಯವೆನಿಸಿತು. ಬೀದಿಯ ತನಕ ನಡೆದು ಬರುವಷ್ಟು ಹೊತ್ತು ಸಿಕ್ಕಿತು.

ಬೀದಿಯಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಲಿಲ್ಲ. ಕೋಲಿನ ಹಿಡಿಯನ್ನು ಹೆಬ್ಬೆರಳಿಂದ ಉಜ್ಜುತ್ತಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಹೇಳಿದೆ: “ಟೇಪು ಹಳೇದು, ಹಿಗ್ಗೇತಿ. ಲೆಕ್ಕ ಹಿಡಿಯಾಕ ಬರಂಗಿಲ್ಲ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಬೆರಗಾಯಿತು.

“ಹಂಗಾರ ದನಿ ನೋಡ್ರಲಾ,” ಎಂದ ಮಲಕಾಜಪ್ಪ. ಅವನಿಗೆ ಯಾರ ಮೇಲೂ ಹಗೆಯಿಲ್ಲ, ಕ್ರಮ ಬಲ್ಲವನು. “ಆಕಿ ಈ ಕಡಿಯಿಂದ ಬರ್ಲಿ, ನೀ ಮನಿಯೊಳಗಿಂದ ಅಡಿಗಿಮನಿ ಕಡೆ ಹೆಸರು ಹೇಳಿಕೋತ ಬಾ.”

ಅದಕ್ಕೆ ನಾನು ಹೇಳಿದ್ದು ಇದು: “ಕಾಕಾ, ನಮ್ಮ ಅಡಿಗಿಮನ್ಯಾಗ ಮಾತಾಡೋ ಪದ್ಧತಿ ಇಲ್ಲ. ನಿಮಗ ಗೊತ್ತಿಲ್ಲೇನು?”

ಮುದುಕಿಯರು ತಲೆಯಾಡಿಸಿದರು. “ಖರೆ, ಖರೆ. ನೇಮ ಮುರೀಬಾರ್ದು,” ಎಂದಳು ಒಬ್ಬಳು. ಮಲಕಾಜಪ್ಪನೂ ಕೈ ಮುಗಿದ. ಊರಿಗೆ ಊರೇ ಭಕ್ತಿಯಿಂದ ನನ್ನ ಸುಳ್ಳಿಗೆ ಆಸರೆ ಹಿಡಿಯಿತು. ಅಪ್ಪ ಇಷ್ಟು ವರ್ಷ ಕೂತು ಬಿತ್ತಿದ್ದು ಇದಕ್ಕೇ ಎಂದು ಆಗ ಅರ್ಥವಾಯಿತು.

“ಹೊರಗಿನ ಗ್ವಾಡಿನs ಗಡಿ ಅಂತ ಗೂಟ ಹೊಡೀತೀನಿ. ಏನಂತಿ ಇಮಾಂಬಿ?” ಎಂದೆ.

ಅವಳೂ ಬೀದಿಗೆ ಬಂದು ಸೆರಗಿಗೆ ಅಂಟಿದ ಹತ್ತಿಯನ್ನು ಬಿಡಿಸಿಕೊಳ್ಳುತ್ತ ನಿಂತಿದ್ದಳು. ತಗಡಿನ ಖೋಲಿ ಹೊರಗೋಡೆಯ ಈಚೆ ಹಿಡಿಯುವುದಿಲ್ಲ ಎಂದು ಅವಳಿಗೂ ಕಾಣುತ್ತಿತ್ತು. ಮುಖ ಸಣ್ಣದಾಯಿತು. ಆದರೂ “ನೀವು ಹೇಳಿದ್ರ ಮುಗೀತ್ರಿ. ನಿಮ್ಮ ಕಿವಿ, ನಿಮ್ಮ ಕೈ. ನಾ ಏನ್ ಬಲ್ಲೆ?” ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ನಂಬಿ ಅವಳು ತನ್ನ ಜಾಗವನ್ನು ಬಿಟ್ಟುಕೊಟ್ಟಳು, ನಾನು ಆ ನಂಬಿಕೆಯನ್ನೇ ಸುತ್ತಿಗೆ ಮಾಡಿಕೊಂಡು ಗೂಟ ಹೊಡೆಯಲು ಹೊರಟಿದ್ದೆ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದೆ. ಅಲ್ಲ, ಕೈಕಾಲಿಗೆ ಬರುತ್ತದೆ. ಸುತ್ತಿಗೆ ಹಿಡಿದ ಕೈ ಬೇರೆ ಯಾರದೋ ಅನಿಸಿತು. ಆದರೂ ನಾನು ಗೂಟ ಎತ್ತಿಕೊಂಡೆ, ಅದನ್ನೂ ಹೇಳಬೇಕು. ನನ್ನಷ್ಟಕ್ಕೆ ಬಿಟ್ಟಿದ್ದರೆ ಹೊಡೆದೇ ಬಿಡುತ್ತಿದ್ದೆ.

ನಮ್ಮ ಬಾಗಿಲಿಂದ ನೀಲಾ ಇಳಿದು ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಬೀದಿಗೆ ಕಾಲಿಟ್ಟ ಮೇಲೆ ಅವಳು ಅಪ್ಪನ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ. ನೆಟ್ಟಗೆ ಇಮಾಂಬಿಯ ಹತ್ತಿರ ಹೋದಳು.

“ಬಾ ಅಕ್ಕಾ. ಒಳಗ ಬಂದು ಹೆಸರು ಹೇಳು.”

“ಎಲ್ಲಿಗ್ರಿ?” ಇಮಾಂಬಿ ಗಾಬರಿಯಾದಳು.

“ಅಡಿಗಿಮನಿಗೆ. ಇವರಿಗೆ ನೇಮ ಐತಿ, ನಿನಗಿಲ್ಲಲ್ಲ? ನೀ ಮಾತಾಡಿದ್ರ ಏನೂ ಮುರಿಯಂಗಿಲ್ಲ.”

“ನೀಲಾ,” ಎಂದರು ಅಪ್ಪ. ಅವರ ದನಿ ಅಷ್ಟು ತೆಳ್ಳಗೆ ಇದ್ದುದನ್ನು ನಾನು ಕೇಳಿರಲಿಲ್ಲ. ಅವಳು ತಿರುಗಲಿಲ್ಲ. ಹಿಟ್ಟಿನ ಕೈಯಿಂದಲೇ ಇಮಾಂಬಿಯ ಮಣಿಕಟ್ಟು ಹಿಡಿದು ನಡೆಸಿಕೊಂಡು ಹೊರಟಳು. ಹೊಸ್ತಿಲ ಬಳಿ ಇಮಾಂಬಿ ನಿಂತಳು, ಕಾಲು ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ದಾಟಿದಳು. ಜನ ಬಾಗಿಲಿಗೆ, ಕಿಟಕಿಗೆ ಮುಗಿಬಿದ್ದರು. ನಾನು ಗೂಟ ಹಿಡಿದುಕೊಂಡೇ ಹಿಂದೆ ಹೋದೆ. ಸರ್ವೇಯರ್ ಇಲ್ಲದೆ ದನಿ ನೋಡುವಂತಿಲ್ಲವಲ್ಲ.

ಪಡಸಾಲೆಯಲ್ಲಿ ಇಮಾಂಬಿ ಹೆಸರು ಹೇಳಲು ಶುರುಮಾಡಿದಳು. ತುಟಿ ಆಡಿತು, ದನಿಯಿಲ್ಲ. ಅದು ನಮ್ಮ ನೆಲ, ಸರಿಯೇ. ಅವಳು ಕ್ರಮ ತಪ್ಪಿಸದೆ ಒಂದೊಂದೇ ಹೆಜ್ಜೆ ಇಡುತ್ತ, ಅತ್ತೆ ಮಾವಂದಿರ ಹೆಸರು ಇರಬೇಕು, ಸದ್ದಿಲ್ಲದೆ ಹೇಳುತ್ತ ಬಂದಳು. ಅಡುಗೆಮನೆಯ ಬಾಗಿಲಿಗೆ ಬಂದಳು. ಎಡಗಾಲು ಒಳಗಿಟ್ಟಳು. “...ರೇಸಾಬ!” ಎಂದು ಅವಳ ಗಂಡನ ಹೆಸರು ಅರ್ಧದಿಂದ ಸಿಡಿದು ಬಂತು.

ಅಡುಗೆಮನೆಯಲ್ಲಿ ಮನುಷ್ಯರ ದನಿ! ತಾಮ್ರದ ಹಂಡೆಗಳು ಅದನ್ನು ಹಿಡಿದು ಇನ್ನಷ್ಟು ದೊಡ್ಡದು ಮಾಡಿದವು. ಇಮಾಂಬಿ ಬೆದರಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈ ತೆಗೆದು ಮೆಲ್ಲಗೆ, “ಅಯ್ಯ, ನನ್ನ ದನಿ,” ಎಂದಳು. ಅದೂ ಕೇಳಿತು. ಒಲೆಯ ತನಕ ನಡೆದಳು, ಮಗಳು ಮಮತಾಜಳ ಹೆಸರು ಹೇಳಿದಳು, ತನ್ನ ಹೆಸರು ಹೇಳಿದಳು, ಮನೆಯ ಆಡಿನ ಹೆಸರನ್ನೂ ಹೇಳಿದಳು. ಬೀದಿಯ ತನಕ ಕೇಳುತ್ತಿತ್ತು. ನೀಲಾ ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು. ಅಳು ಸದ್ದಿಲ್ಲದೆ ಬರುತ್ತಿತ್ತು; ಅದು ಅವಳ ನೆಲವಲ್ಲವಲ್ಲ.

ಇನ್ನು ಬಚ್ಚಿಡಲು ಏನೂ ಉಳಿಯಲಿಲ್ಲ. ಟೇಪಿನ ಲೆಕ್ಕ ಬೀಳುವುದು ಒಲೆಯ ಮೂಲೆಗೆ. ನಾನೇ ಬೆಂಕಿ ಆರಿಸಿ, ಬೂದಿ ಎತ್ತಿ, ಒಲೆ ಕೆಡವಿದೆ. ಸುಟ್ಟ ಮಣ್ಣಿನ ಮೆತ್ತಿಗೆಯ ಕೆಳಗೆ ಕಲ್ಲಿನ ನೆತ್ತಿ ಕಂಡಿತು. ಕಳೆದುಹೋದ ಕಲ್ಲು ಒಂದು ಬೆರಳಷ್ಟೂ ಅಲುಗಿರಲಿಲ್ಲ. ನೆಟ್ಟಲ್ಲೇ ನಿಂತಿತ್ತು, ತಲೆಯ ಮೇಲೆ ಗಡಿ ತೋರಿಸುವ ಅಡ್ಡ ಗೆರೆ ಉದ್ದ ಗೆರೆ ನಿನ್ನೆ ಕೆತ್ತಿದಷ್ಟು ಚೊಕ್ಕವಾಗಿತ್ತು. ಕೆಳಗೆ ಇದ್ದಿಲು, ಮಡಕೆಯ ಚೂರು, ಎಲ್ಲವೂ ಕ್ರಮಪ್ರಕಾರ. ಕಿತ್ತೆಸೆಯಲು ಅಪ್ಪನಿಗೆ ಮನಸ್ಸಾಗಿರಲಿಕ್ಕಿಲ್ಲ. ಎಷ್ಟೆಂದರೂ ಸರ್ವೇಯರ್. ಕಲ್ಲು ಮುಟ್ಟಬಾರದು ಎಂಬ ನಿಯಮ ಕಾಪಾಡಿ, ಅದರ ಮೇಲೆ ಒಲೆ ಹಾಕಿದ್ದರು.

ಮೂಲೆ ಸಿಕ್ಕ ಮೇಲೆ ಸರ್ವೇಯರ್ ಬೀದಿಗೆ ಬಂದು, ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಸಾರಬೇಕು. ಅದು ಕೆಲಸದ ಕೊನೆಯ ಭಾಗ. ನೂರು ಸಲ ಸಾರಿದ್ದೇನೆ, ಎದೆ ಸೆಟೆಸಿಕೊಂಡು. ಅವತ್ತು “ಮೂಲಿ ಸಿಕ್ಕೇತಿ. ನಮ್ಮ ಒಲಿ ಕೆಳಗ ಸಿಕ್ಕೇತಿ. ಅಡಿಗಿಮನಿ ಜಾಗ ಇಮಾಂಬೀದು,” ಎಂದು ಹೇಳುವಾಗ ಕಣ್ಣು ನನ್ನ ಮಣ್ಣು ಮೆತ್ತಿದ ಕಾಲುಗಳ ಮೇಲೇ ಇತ್ತು. ಟೇಪು ಹಿಗ್ಗಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಾಗಿತ್ತು. ಹಿಂದೆ ಯಾರೋ “ಮೌನದ ಮನಿ!” ಎಂದು ಕಿಸಕ್ಕನೆ ನಕ್ಕರು. ಬೆಳಗ್ಗೆ ನೇಮ ಮುರಿಯಬಾರದು ಎಂದಿದ್ದ ಮುದುಕಿಯೇ ಇರಬೇಕು. ನಗಲಿ ಎಂದುಕೊಂಡೆ. ಆದರೆ ಮಲಕಾಜಪ್ಪ ನಗಲಿಲ್ಲ. ಅವನು ಕೈ ಮುಗಿದಿದ್ದವನು. ನನ್ನ ಮುಖವನ್ನೊಮ್ಮೆ ನೋಡಿ, ಗಾಣದ ಕಡೆಗೆ ಹೊರಟುಹೋದ.

ಜನ ಕರಗಿದ ಮೇಲೆ ಅಪ್ಪ ಟವೆಲನ್ನು ತಲೆಗೆ ಹೊದ್ದುಕೊಂಡು ಕೂತೇ ಇದ್ದರು. ಹತ್ತಿರ ಹೋದೆ. “ಅವಾಗ ಮನಿ ಭಾಳ ಸಣ್ಣದಿತ್ತಪ್ಪ,” ಎಂದರು. “ಪಡಸಾಲ್ಯಾಗ ಒಲಿ. ನಿಮ್ಮವ್ವ ಬಸರಿ, ಹೊಗಿ ಕುಡದು ಕೆಮ್ಮೋಕಿ. ಇಮಾಂಬಿ ಮಾವನ ಮನ್ಯಾರು ಗಾದಿ ಮಾರಾಕ ದೇಶಾಂತರ ಹೋಗಿದ್ರು, ತಿರುಗಿ ಬರ್ತಾರೋ ಇಲ್ಲೋ ಅಂತ ಸುದ್ದಿನs ಇರಲಿಲ್ಲ. ಕಟ್ಟಿಸಿದೆ. ಬಂದ್ರು.” ಟವೆಲಿನ ಅಂಚು ಎಳೆದುಕೊಂಡು ಮತ್ತೆ ಹೇಳಿದರು: “ನಿಮ್ಮವ್ವ ಮೊದಲ ದಿನ ಒಳಗ ಹೋಗಿ ಬಾಯಿ ತೆಗೆದು, ಹೊರಗ ಓಡಿ ಬಂದು ನನ್ನ ಮುಖ ನೋಡಿದ್ಳು. ಏನರ ಹೇಳಬೇಕಲ್ಲ? ಇದು ನೇಮ ಅಂದೆ.”

ಅವ್ವ ನಂಬಿದಳೇ ಎಂದು ಕೇಳಲು ಹೋದೆ, ಕೇಳಲಿಲ್ಲ. ಅವರನ್ನು ಬೈಯುವ ಅರ್ಹತೆ ನನಗೆ ಆ ದಿನ ಬೆಳಗ್ಗೆಯೇ ಹೋಗಿತ್ತು. ಅವರು ಒಬ್ಬ ಬಸುರಿಗಾಗಿ ಸುಳ್ಳು ಹೇಳಿದ್ದರು. ನಾನು ಹೇಳಿದ್ದು ಮುದುಕಿಯರ ನಮಸ್ಕಾರಕ್ಕಾಗಿ.

ನೀಲಾ ಬೀದಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಪಕ್ಕಕ್ಕೆ ಹೋಗಿ ನಿಂತೆ. “ನಿನಗ ಮೊದ್ಲs ಗೊತ್ತಿತ್ತೇನು?” ಎಂದೆ.

“ಬಂದ ವಾರದಾಗ. ಕೈ ಸುಟ್ಟಿತು, ಅವ್ವಾ ಅಂತ ಚೀರಿದೆ. ಚೀರಿದ್ದು ಬರ್ಲಿಲ್ಲ.”

“ನನಗ ಯಾಕ ಹೇಳಲಿಲ್ಲ?”

“ಕೇಳಿದ್ದೆ. ಬೀದ್ಯಾಗ, ಸಂತಿಗೆ ಹೋಗೋಮುಂದ. ನಮ್ಮ ಅಡಿಗಿಮನ್ಯಾಗ ಯಾಕ ಮಾತಾಡಬಾರ್ದು ಅಂತ ಕೇಳಿದೆ. ನೀವು ಸಂತಿ ಮುಟ್ಟೋತನ ಮನಿತನದ ಹಿರಿಮಿ ಹೇಳಿದ್ರಿ. ನಿಮ್ಮ ಮುಖ ಅಷ್ಟು ಅರಳಿತ್ತು, ನನಗ ಬಾಯಿ ಬರಲಿಲ್ಲ.” ಕೈಯ ನೀರನ್ನು ಕೊಡವಿದಳು. “ಆಮ್ಯಾಲೂ ಹೇಳೀನಿ. ಒಳಗ ನಿಂತು, ಬಾಯಿ ಆಡಿಸಿ, ನಿಮ್ಮ ಎದುರಿಗೇನs. ಎಷ್ಟೋ ಸಲ. ದನಿ ಇಲ್ಲದಿದ್ರೂ ಮುಖ ನೋಡಿದ್ರ ತಿಳೀತಿತ್ತು. ನೀವು ನೀರು ಕುಡದು ಚರಿಗಿ ಇಟ್ಟು ಹೋಗ್ತಿದ್ರಿ.”

ನನಗೆ ನೆನಪಾಗಲಿಲ್ಲ. ಒಂದು ಸಲವೂ ನೆನಪಾಗಲಿಲ್ಲ. ಚರಿಗೆಯ ತಂಪು ನೆನಪಿದೆ, ನೀರಿಗೆ ಹಾಕುತ್ತಿದ್ದ ಲಾವಂಚದ ವಾಸನೆ ನೆನಪಿದೆ. ಅವಳ ಬಾಯಿ ಆಡುತ್ತಿದ್ದುದು ನೆನಪಿಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ನನ್ನ ಜೀವನದಲ್ಲಿ ಬೇರೆ ಬರಲಾರದು.

ಅಡುಗೆಮನೆ ಕೆಡವಿಕೊಡುತ್ತೇನೆ ಎಂದು ಇಮಾಂಬಿಗೆ ಹೇಳಿಕಳಿಸಿದೆ. ಎದುರಿಗೆ ಹೋಗಿ ಹೇಳುವ ಮುಖವಿರಲಿಲ್ಲ. ಅವಳು ಉತ್ತರ ಕಳಿಸಿದಳು: ಗೋಡೆ ಗಟ್ಟಿಯಿದೆ, ಚಾವಣಿ ಸೋರುವುದಿಲ್ಲ, ಕೆಡವಿದರೆ ತನಗೆ ನಷ್ಟ. ಹತ್ತಿ ಇಡಲು ಅದೇ ಆಗುತ್ತದೆ. ಪಡಸಾಲೆಯಲ್ಲಿ ಬೇರೆ ಒಲೆ ಹಾಕಿಕೊಳ್ಳುವ ತನಕ ಅಲ್ಲೇ ಬೇಯಿಸಿಕೊಂಡಿರಲಿ, ಅವಸರವಿಲ್ಲ. ಹಾಗಾಗಿ ಕಲ್ಲಿನ ಪಕ್ಕಕ್ಕೆ ಮೂರು ಇಟ್ಟಿಗೆ ಇಟ್ಟುಕೊಂಡು ನೀಲಾ ಅವಳ ನೆಲದ ಮೇಲೆಯೇ ಅನ್ನ ಬೇಯಿಸುತ್ತಿದ್ದಳು. ಈಗ ಅದು ವ್ರತವಲ್ಲ. ಬರಿಯ ದನಿಯಿಲ್ಲದ ಜಾಗ. ಅಪ್ಪ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಮೂಲೆ ಹುಡುಕಲು ಕರೆಯುವವರು ಕಡಿಮೆಯಾದರು. ಕರೆದವರೂ ಟೇಪಿನ ಆ ತುದಿಯನ್ನು ತಾವೇ ಹಿಡಿಯುತ್ತೇವೆ ಎನ್ನುತ್ತಿದ್ದರು. ನಾನು ಬೇಡವೆನ್ನಲಿಲ್ಲ.

ನೀಲಾ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಬೇಕಾದಷ್ಟು ಆಡುತ್ತಿದ್ದಳು, ಉಪ್ಪು ತನ್ನಿ, ಅಪ್ಪಾಜಿಗೆ ಗುಳಿಗೆ ಕೊಡಿ. ನನ್ನಿಂದ ಬರಬೇಕಾದ ಒಂದು ಮಾತು ಬಂದಿರಲಿಲ್ಲ. ಪಡಸಾಲೆಯಲ್ಲಿ ಹೇಳೋಣವೆಂದರೆ ಅಪ್ಪ ಮಲಗಿರುತ್ತಿದ್ದರು. ಬೀದಿಯಲ್ಲಿ ಹೇಳೋಣವೆಂದರೆ ಜನ. ಒಂದು ಬೆಳಗ್ಗೆ ನೀರು ಕುಡಿಯಲು ಒಳಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಚರಿಗೆ ಎತ್ತಿಕೊಳ್ಳಲಿಲ್ಲ. ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು, “ತಪ್ಪಾತು ನೀಲಾ,” ಎಂದೆ. ತುಟಿ ಆಡಿತು. ಸದ್ದಿಲ್ಲ.

ಅವಳು ನೋಡಿದಳು. ಪೂರ್ತಿ ನೋಡಿದಳು, ಏನು ಹೇಳಿದೆನೆಂದು ತಿಳಿಯಿತು, ಅದರಲ್ಲಿ ಸಂಶಯವಿಲ್ಲ. ರೊಟ್ಟಿಯ ಹಿಟ್ಟಿನ ಕೈ ಎತ್ತಿ ಬೀದಿಯ ಕಡೆಗೆ ತೋರಿಸಿದಳು. ಮತ್ತೆ ತಲೆ ತಗ್ಗಿಸಿ ರೊಟ್ಟಿ ಬಡಿಯತೊಡಗಿದಳು.

ನಾನು ಆ ಜಾಗವನ್ನು ಯಾಕೆ ಆರಿಸಿಕೊಂಡೆ ಎಂದು ಅವಳಿಗೆ ತಿಳಿದಿತ್ತು. ನನಗೆ ಆಗ ತಿಳಿಯಿತು. ಯಾರಿಗೂ ಕೇಳಬಾರದೆಂದೇ ಅಲ್ಲಿ ಹೇಳಿದ್ದೆ.

ಎದ್ದು ಹೊರಗೆ ಬಂದೆ. ಬೀದಿ ತುಂಬ ಜನ ಓಡಾಡುವ ಹೊತ್ತು. ಹಾಲಿನವರು, ಶಾಲೆಗೆ ಹೊರಟ ಮಕ್ಕಳು, ಬಾವಿಗೆ ಹೊರಟ ಹೆಂಗಸರು. ಇಮಾಂಬಿ ತನ್ನ ಬಾಗಿಲ ಮುಂದೆ ಬಿಸಿಲಿಗೆ ಹತ್ತಿ ಹರಡುತ್ತಿದ್ದಳು. ಅವಳ ಜಾಗದ ಆಚೆ ನಮ್ಮ ಅಡುಗೆಮನೆಯ ಬೆಳಕಿಂಡಿ ತೆರೆದಿತ್ತು, ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಬೀದಿಯಲ್ಲಿ ದನಿಗೆ ಏನೂ ಅಡ್ಡಿಯಿಲ್ಲ. ನೆಪ ಹೇಳಲು ಯಾವುದೂ ಇರಲಿಲ್ಲ.

“ತಪ್ಪಾತು,” ಎಂದು ಕೂಗಿದೆ. “ನಂದು ತಪ್ಪಾತು.”

ಹಾಲಿನವನು ಸೈಕಲ್ ನಿಲ್ಲಿಸಿದ. ಹೆಂಗಸರು ತಿರುಗಿದರು. ಇಮಾಂಬಿ ಬೆನ್ನು ನೆಟ್ಟಗೆ ಮಾಡಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು.

“ಯಾರಿಗೆ ಹೇಳಾಕತ್ತೀರಿ ಸರ್ವೇರ್ ಸಾಹೇಬ್ರ? ನನಗೋ, ಒಳಗಿನಕಿಗೋ?”

“ಇಬ್ಬರಿಗೂ,” ಎಂದೆ.

“ಹಂಗಾರ ಎರಡು ಸಲ ಹೇಳ್ರಿ,” ಎಂದಳು. “ಒಬ್ಬೊಬ್ಬರ ಹೆಸರು ಹಿಡದು ಹೇಳ್ರಿ. ಏನು ತಪ್ಪು ಅಂತನೂ ಹೇಳ್ರಿ.”

ಜನ ಸೇರುತ್ತಿದ್ದರು. ಬೆಳಕಿಂಡಿಯಲ್ಲಿ ನೀಲಾಳ ಮುಖ ಕಂಡಿತು. ನಾನು ಮೊದಲಿನಿಂದ ಶುರುಮಾಡಿದೆ.